ಕೊಲಂಬಸ್ ಪೂರ್ವ ಅಮೆರಿಕದ ಮಣ್ಣಿನ ಪ್ರತಿಮೆಗಳು: ಎದುರಿಗೆ ನಿಂತಾಗ ಏನನ್ನು ನೋಡಬೇಕು?

ಹೊಂಗೆಮರ:
ಪಶ್ಚಿಮ ಮೆಕ್ಸಿಕೋದ ಕೊಲಿಮಾದ ಕೆಂಪು ನಾಯಿ, ಅದೇ ಕಡೆಯ ನಾಯರಿತ್‌ನ ಗಂಡ-ಹೆಂಡತಿ ಜೋಡಿ, ಪೆರುವಿನ ಪ್ರಾಚೀನ ಮೋಚೆ ಜನ ಮಾಡಿದ ಮುಖದ ಹೂಜಿ, ಮೆಕ್ಸಿಕೋ ತೀರದ ಹೈನಾ ದ್ವೀಪದ ಪುಟ್ಟ ಮಾಯಾ ಪ್ರತಿಮೆ. ಮ್ಯೂಸಿಯಂ ಲೇಬಲ್ಲಿನಲ್ಲಿ ಇವುಗಳ ಬಗ್ಗೆ ಸಿಗುವುದು ಎರಡೇ ಸಾಲು: ಪ್ರದೇಶ, ಕಾಲ, "ಸುಟ್ಟ ಮಣ್ಣು". ಜನ "ಎಷ್ಟು ಮುದ್ದಾಗಿದೆ" ಅಂತ ಫೋಟೋ ಹೊಡೆದು ಮುಂದಿನ ಕೋಣೆಗೆ ಹೋಗಿಬಿಡುತ್ತಾರೆ. ಹೊಯ್ಸಳರ ಕಲ್ಲು ನೋಡುವಾಗ ಭಂಗಿ, ಮುದ್ರೆ, ಆಯುಧ, ವಾಹನ ಹಿಡಿದು ಗುರುತಿಸುವ ರೂಢಿ ನಮಗಿದೆ. ಇಲ್ಲಿ ಅದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ಮಾಯಾ ಜನರನ್ನು ಬಿಟ್ಟರೆ ಇವರು ಬರೆದಿಟ್ಟ ಓದಬಲ್ಲ ಬರಹವೂ ಇಲ್ಲ.

ಮೂರು ಪ್ರಶ್ನೆ. ಮೊದಲು ಏನನ್ನು ನೋಡಬೇಕು? ಕೊಲಿಮಾ ನಾಯಿ ಸತ್ತವರಿಗೆ ದಾರಿ ತೋರಿಸುವ ನಾಯಿ ಅನ್ನುವ ಕಥೆಯನ್ನು ಎಷ್ಟು ನಂಬಬಹುದು? ನಕಲಿ ಅಂತ ಅನುಮಾನ ಬರಬೇಕಾದರೆ ಯಾವ ಗುರುತು ಸಾಕು?

ತಿಗರಿ:
ಮುಖ ಬಿಡಿ, ಮೊದಲು ಬೆನ್ನಿನ ಕಡೆಗೆ ಹೋಗಿ. ಗಾಜಿನ ಪೆಟ್ಟಿಗೆ ನಾಲ್ಕೂ ಕಡೆ ತೆರೆದಿದ್ದರೆ ಸುತ್ತು ಹಾಕಿ, ಆಮೇಲೆ ಬಗ್ಗಿ ಹೊಟ್ಟೆಯ ಅಡಿ ನೋಡಿ. ಮಾಡಿದವನ ಕೈ ಕಾಣುವುದು ಅಲ್ಲಿ.

ಕೊಲಿಮಾ ನಾಯಿಯ ಒಳಗೆ ಟೊಳ್ಳು. ದೇಹ, ಕಾಲು, ತಲೆ ಬೇರೆ ಬೇರೆ ಎಬ್ಬಿಸಿ, ಮಣ್ಣು ಅರೆ ಒಣಗಿದಾಗ ಒಂದಕ್ಕೊಂದು ಕೂಡಿಸಿದ್ದಾರೆ. ಕಾಲು ಹೊಟ್ಟೆಗೆ ಸೇರುವ ಜಾಗ, ಕಿವಿಯ ಬುಡ, ಬಾಲದ ಬುಡ ಇವು ಕೂಡು ಜಾಗಗಳು. ಒಳ್ಳೆಯ ಕೆಲಸದಲ್ಲಿ ಅಲ್ಲಿ ಬೆರಳಿನಿಂದ ಮಣ್ಣು ಎಳೆದು ಒಂದೇ ತಿರುವಿನಲ್ಲಿ ಮುಗಿಸಿರುತ್ತಾರೆ, ಗೆರೆ ಕಾಣುವುದಿಲ್ಲ. ಆಮೇಲೆ ಕೊಳವೆ ಬಾಯಿ ಎಲ್ಲಿದೆ ನೋಡಿ. ಕೆಲವಕ್ಕೆ ಬಾಲವೇ ಕೊಳವೆ, ಕೆಲವಕ್ಕೆ ತಲೆಯ ಮೇಲೆ. ಅಂದರೆ ಅದು ಪ್ರತಿಮೆಯೂ ಹೌದು, ಪಾತ್ರೆಯೂ ಹೌದು.

ಮೂರನೆಯದು ಹೊಳಪು. ಕಬ್ಬಿಣದ ಅಂಶವಿರುವ ಕೆಂಪು ತಿಳಿಮಣ್ಣನ್ನು ಬಳಿದು, ಪೂರ್ತಿ ಒಣಗುವ ಮುಂಚೆ ನುಣುಪಾದ ಕಲ್ಲಿನಿಂದ ಉಜ್ಜಿದ್ದಾರೆ. ಗಾಜಿನ ಲೇಪ ಅಲ್ಲ ಅದು. ಬೆಳಕು ಓರೆಯಾಗಿ ಬೀಳುವಂತೆ ನಿಂತರೆ ಕಲ್ಲು ಓಡಿದ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಬೆನ್ನಿನ ಮೇಲೆ ಉದ್ದುದ್ದಕ್ಕೆ, ಕಾಲಿನ ಮೇಲೆ ಮೇಲಿಂದ ಕೆಳಕ್ಕೆ, ಹೊಟ್ಟೆಯ ಮೇಲೆ ಸುತ್ತಿಕೊಂಡು. ದೇಹದ ಉಬ್ಬನ್ನು ಹಿಂಬಾಲಿಸುವ ಆ ಗೆರೆಗಳನ್ನು ಒಮ್ಮೆ ಕಂಡರೆ "ಮುದ್ದು" ಅನ್ನುವ ಮಾತು ಸಾಕಾಗುವುದಿಲ್ಲ.

ಕರಾವಳಿ_ಕಲ್ಲು:
ತೂತು ಇರುವುದು ಪಾತ್ರೆ ಅಂತ ಅಲ್ಲ ಮಾರಾಯ್ರೆ. ಟೊಳ್ಳು ಪ್ರತಿಮೆ ಸುಡುವಾಗ ಒಳಗಿನ ಗಾಳಿ ಹಿಗ್ಗಿ ಒಡೆಯಬಾರದು ಅಂತ ಬಿಟ್ಟದ್ದು.

ತಿಗರಿ:
@ಕರಾವಳಿ_ಕಲ್ಲು ಎರಡು ಬೇರೆ ಬೇರೆ ತೂತು. ಸುರಿಯುವ ಬಾಯಿಗೆ ಅಂಚು ಇರುತ್ತದೆ, ಅಗಲ ಇರುತ್ತದೆ. ಸುಡುವಾಗಿನ ತೂತು ಸಣ್ಣದು, ಕಂಕುಳಲ್ಲೋ ಕಿವಿಯಲ್ಲೋ ಬಾಯಿಯ ಸೀಳಲ್ಲೋ ತಲೆಯ ಹಿಂದೆಯೋ ಅಡಗಿರುತ್ತದೆ. ನಾಯರಿತ್, ಹಲಿಸ್ಕೊ ಕಡೆಯ ಟೊಳ್ಳು ಮನುಷ್ಯ ಪ್ರತಿಮೆಗಳಲ್ಲಿ ಇದನ್ನು ಹುಡುಕಿ ನೋಡಿ.

ಒಡೆಯುವುದಕ್ಕೆ ಮುಖ್ಯ ಕಾರಣ ಗಾಳಿ ಅಲ್ಲ, ನೀರು. ಸುಡದ ಮಣ್ಣಿನ ಗೋಡೆಯಲ್ಲಿ ಸಣ್ಣ ರಂಧ್ರಗಳಿರುವುದರಿಂದ ಗಾಳಿ ನಿಧಾನವಾಗಿ ಸೋರಿಹೋಗುತ್ತದೆ. ಮಣ್ಣಿನಲ್ಲಿ ಉಳಿದ ತೇವ 100 ಡಿಗ್ರಿ ದಾಟಿದ ಕೂಡಲೇ ಆವಿಯಾಗಿ ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಗೋಡೆ ದಪ್ಪವಿದ್ದು ಬೆಂಕಿ ಜೋರಾದರೆ ಆವಿಗೆ ದಾರಿ ಇಲ್ಲದೆ ಚಕ್ಕೆ ಹಾರುತ್ತದೆ. ಟೊಳ್ಳು ಮಾಡುವುದೇ ಇದಕ್ಕೆ. ಮಧ್ಯ ಮೆಕ್ಸಿಕೋದ ತ್ಲಾತಿಲ್ಕೊದ ಬೊಂಬೆಗಳಂಥ ಗಟ್ಟಿ ಬೊಂಬೆ ಗೇಣುದ್ದದ ಒಳಗೇ ಇರುವುದು ಯಾಕೆ ಅಂದರೆ ಅಷ್ಟು ತೆಳು ಮೈಯನ್ನು ಗಟ್ಟಿಯಾಗಿಯೇ ಸುಡಬಹುದು. ಅಳತೆ ದೊಡ್ಡದಾದಂತೆ ಒಳಗೆ ಖಾಲಿ ಬಿಡಲೇಬೇಕು.

ಪ್ರಶ್ನಾರ್ಥಕ:
ಇವರಿಗೆ ಚಕ್ರವೇ ಗೊತ್ತಿರಲಿಲ್ಲ, ಅದಕ್ಕೇ ಕೈಯಲ್ಲಿ ಮಾಡಿದ್ದಾರೆ ಅಷ್ಟೇ. ಅದರಲ್ಲಿ ದೊಡ್ಡ ವಿಷಯ ಏನಿದೆ?

ಆರ್ಕಿಯೋ_ಮಂಜು:
ಚಕ್ರ ಗೊತ್ತಿತ್ತು. ಮೆಕ್ಸಿಕೋದ ಪೂರ್ವ ಕರಾವಳಿಯ ವೆರಾಕ್ರೂಸ್ ಕಡೆ ನಾಲ್ಕು ಚಕ್ರದ ಮೇಲೆ ಉರುಳುವ ಮಣ್ಣಿನ ನಾಯಿಗಳು, ಜಾಗ್ವಾರ್‌ಗಳು ಸಿಕ್ಕಿವೆ. ಕಾಲಿನ ತುದಿಯಲ್ಲಿ ಅಡ್ಡ ತೂತು, ಅದರಲ್ಲಿ ಕಡ್ಡಿ, ಕಡ್ಡಿಗೆ ಮಣ್ಣಿನ ಬಿಲ್ಲೆ. ಎಳೆಯುವುದಕ್ಕೆ ಎತ್ತು ಕುದುರೆ ಇರಲಿಲ್ಲವಾದ್ದರಿಂದ ಗಾಡಿ ಆಗಲಿಲ್ಲ. ಮಡಕೆಗೆ ತಿಗರಿಯನ್ನು ಅವರು ಬಳಸಲಿಲ್ಲ. ಇನ್ನು ಪ್ರತಿಮೆಗೆ ತಿಗರಿಯಿಂದ ಏನು ಉಪಯೋಗ? ಅದು ಕೊಡುವುದು ದುಂಡು ಆಕಾರ ಮಾತ್ರ. ತಿಗರಿ ಇಲ್ಲದ್ದರಿಂದಲೇ ಅಲ್ಲಿ ಪಾತ್ರೆಗೂ ಪ್ರತಿಮೆಗೂ ನಡುವೆ ಗೋಡೆ ಏಳಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೂಜಿ ಮಾಡುವ ಕೈಯೇ ಮುಖವನ್ನೂ ಮಾಡುತ್ತಿತ್ತು.

ಹೊಂಗೆಮರ:
ಇದು ಹೊಳೆದಿರಲಿಲ್ಲ. ನಾಯಿಯ ಪ್ರಶ್ನೆಗೆ ಯಾರಾದರೂ ಬನ್ನಿ.

ಆರ್ಕಿಯೋ_ಮಂಜು:
ದಾರಿ ತೋರಿಸುವ ನಾಯಿಯ ಕಥೆ ಬರುವುದು 16ನೇ ಶತಮಾನದಲ್ಲಿ, ಫ್ರಾನ್ಸಿಸ್ಕನ್ ಪಾದ್ರಿ ಸಹಗೂನ್ ಮಧ್ಯ ಮೆಕ್ಸಿಕೋದ ನಹುವಾ ಜನರಿಂದ ಕೇಳಿ ಬರೆಸಿದ ದಾಖಲೆಯಲ್ಲಿ. ಸತ್ತವನು ನದಿ ದಾಟಬೇಕು, ದಾಟಿಸುವುದು ಹಳದಿ ನಾಯಿ. ಬಿಳಿ ನಾಯಿ "ಈಗಷ್ಟೇ ಮೈ ತೊಳೆದುಕೊಂಡೆ" ಅನ್ನುತ್ತದಂತೆ, ಕರಿ ನಾಯಿ "ಈಗಷ್ಟೇ ಬಣ್ಣ ಹತ್ತಿದೆ" ಅನ್ನುತ್ತದಂತೆ. ಕೊಲಿಮಾ ನಾಯಿಗಳ ಕಾಲ ಹೆಚ್ಚುಕಡಿಮೆ ಕ್ರಿ.ಪೂ. 300ರಿಂದ ಕ್ರಿ.ಶ. 300ರ ಆಸುಪಾಸು. ನಡುವೆ ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಅಂತರ, ಪ್ರದೇಶ ಬೇರೆ, ಜನ ಬೇರೆ. ಅಲ್ಲಿಂದ ಕಥೆ ಎತ್ತಿ ಇಲ್ಲಿಗೆ ಅಂಟಿಸಿದರೆ ಲೇಬಲ್ ಚೆಂದ ಆಗುತ್ತದೆ, ಪುರಾವೆ ಆಗುವುದಿಲ್ಲ.

ಜೋಳದರೊಟ್ಟಿ:
ಅಲ್ರೀ, ಆ ನಾಯಿ ಹೊಟ್ಟಿ ನೋಡ್ರಿ. ಹಂಗ ದುಂಡಗ ತಿನ್ನಿಸಿ ಬೆಳೆಸಿದ್ದು ಯಾಕ? ಮೆಕ್ಸಿಕೋದಾಗ ನಾಯಿ ತಿಂತಿದ್ರು, ಸ್ಪ್ಯಾನಿಷರು ಬರದಿಟ್ಟಾರ. ಕೆಲವು ಕೊಲಿಮಾ ನಾಯಿ ಬಾಯಾಗ ಮೆಕ್ಕೆಜೋಳದ ತೆನಿ ಐತಿ. ಗೋರ್ಯಾಗ ಇಟ್ಟಿದ್ದು ಬುತ್ತಿ ಅಂತ ತಿಳ್ಕೊಂಡ್ರ ಏನ್ ತಪ್ಪು?

ಸ್ಯಾನ್‌ಹೋಸೆ_ಕನ್ನಡತಿ:
ಬುತ್ತಿ ಅಂದರೆ ಲಾಸ್ ಏಂಜಲೀಸ್ ಕಲಾ ಮ್ಯೂಸಿಯಂ ಲ್ಯಾಕ್ಮಾದ ಸಂಗ್ರಹದಲ್ಲಿರುವ ಮನುಷ್ಯನ ಮುಖವಾಡ ಹಾಕಿಕೊಂಡ ನಾಯಿಯನ್ನು ಏನನ್ನುತ್ತೀರಿ? ಊಟಕ್ಕೆ ಬೆಳೆಸಿದ ಪ್ರಾಣಿಗೆ ಮುಖವಾಡ ಯಾಕೆ?

ಆರ್ಕಿಯೋ_ಮಂಜು:
ಇಬ್ಬರಿಗೂ ಒಂದು ಮಾತು. ಕೊಲಿಮಾದಲ್ಲಿ ನಾಯಿ ಒಂದೇ ಅಲ್ಲ. ಗಿಳಿ, ಬಾತುಕೋಳಿ, ಏಡಿ, ಹಾವು, ಆರ್ಮಡಿಲೊ ಇವೆ, ಕುಂಬಳಕಾಯಿ ಆಕಾರದ ಪಾತ್ರೆಗಳಿವೆ, ಅವನ್ನು ಹೊತ್ತು ನಿಂತ ಗಿಳಿಯಾಕಾರದ ಮೂರು ಕಾಲುಗಳಿವೆ. ನಾಯಿ ಮಾರ್ಗದರ್ಶಿಯಾದರೆ ಏಡಿ ಏನು? ಎಲ್ಲ ಬುತ್ತಿಯಾದರೆ ಮುಖವಾಡ ಏನು? ಒಂದೇ ಉತ್ತರ ಎಲ್ಲಕ್ಕೂ ಹೊಂದುವುದಿಲ್ಲ. ಲೇಬಲ್ಲು "ಪಾತಾಳದ ಮಾರ್ಗದರ್ಶಿ" ಅಂತ ಖಂಡಿತವಾಗಿ ಹೇಳಿದರೆ ಅನುಮಾನದಿಂದ ಓದಿ.

ಹಣೆಯ ಮೇಲೆ ಒಂದು ಕೊಂಬಿರುವ ಕೊಲಿಮಾ ಮನುಷ್ಯರ ಮೇಲೂ ಇಂಥದೇ ಜಗಳ ಇದೆ. 1960ರ ದಶಕದಲ್ಲಿ ಮಾನವಶಾಸ್ತ್ರಜ್ಞ ಪೀಟರ್ ಫರ್ಸ್ಟ್ ಆ ಪ್ರತಿಮೆಗಳನ್ನು ಗೋರಿ ಕಾಯುವ ಶಾಮನ್‌ಗಳು, ಅಂದರೆ ಮಾಂತ್ರಿಕ ಪೂಜಾರಿಗಳು ಅಂದರು. ಆಮೇಲೆ ಕಲಾ ಇತಿಹಾಸಕಾರ ಮಾರ್ಕ್ ಗ್ರಹಾಂ ಆ ಕೊಂಬನ್ನು ಶಂಖದಿಂದ ಬಂದ ಅಧಿಕಾರದ ಚಿಹ್ನೆಯಾಗಿ ಓದಿದರು. ಪ್ರತಿಮೆ ಅದೇ, ಒಬ್ಬರಿಗೆ ಮಾಂತ್ರಿಕ, ಇನ್ನೊಬ್ಬರಿಗೆ ಪಾಳೇಗಾರ. ನನ್ನ ಒಲವು ಎರಡನೆಯದರ ಕಡೆಗೆ, ಯಾಕಂದರೆ ಕೊಳ್ಳೆಯಾಗದ ಗೋರಿಯಲ್ಲಿ ದೊಡ್ಡ ಮನುಷ್ಯನ ಜತೆ ಶಂಖಗಳು ಸಿಕ್ಕಿವೆ.

ಪ್ರಶ್ನಾರ್ಥಕ:
ಕೊಳ್ಳೆಯಾಗದ ಗೋರಿ ಯಾವುದು?

ಆರ್ಕಿಯೋ_ಮಂಜು:
ಹಲಿಸ್ಕೊದ ವಿಟ್ಸಿಲಾಪಾ. 1993ರಲ್ಲಿ ಹೊರಮೈ ಕಟ್ಟಡಗಳನ್ನು ಶೋಧಿಸುವಾಗ ಸಿಕ್ಕಿತು. ನೆಲದಿಂದ ಸುಮಾರು 7.6 ಮೀಟರ್ ಆಳದ ಬಾವಿಯಂಥ ಇಳಿದಾರಿ, ತಳದಲ್ಲಿ ಎರಡು ಕೋಣೆ, ಕೋಣೆಗೆ ಮೂವರಂತೆ ಆರು ಜನ. ಎಲುಬಿನ ಹುಟ್ಟು ದೋಷದ ಆಧಾರದ ಮೇಲೆ ಅವರಲ್ಲಿ ಹೆಚ್ಚಿನವರು ಒಂದೇ ವಂಶದವರು ಅಂತ ತಜ್ಞರು ಕಂಡುಕೊಂಡರು. ಪ್ರತಿಮೆ ಯಾರ ಪಕ್ಕದಲ್ಲಿತ್ತು, ಏನನ್ನು ನೋಡುತ್ತಿತ್ತು, ಜತೆಗೆ ಏನಿತ್ತು ಅನ್ನುವುದು ಗೊತ್ತಾದದ್ದು ಇಂಥ ಬೆರಳೆಣಿಕೆಯ ಗೋರಿಗಳಿಂದ. ಉಳಿದ ಸಾವಿರಾರು ಪ್ರತಿಮೆಗಳು ಕಳ್ಳ ಅಗೆತದಿಂದ ಹೊರಗೆ ಬಂದವು. ಅಗೆದವನು ಎಲುಬನ್ನು, ಬೀಜವನ್ನು, ಒಡೆದ ಬಟ್ಟಲನ್ನು ಬಿಸಾಡಿ ಪ್ರತಿಮೆಯನ್ನು ಮಾತ್ರ ಎತ್ತಿಕೊಂಡ. ನಾಯಿಯ ಅರ್ಥ ಏನು ಅನ್ನುವ ಪ್ರಶ್ನೆಗೆ ಉತ್ತರ ಇದ್ದದ್ದು ಆ ಬಿಸಾಡಿದ ರಾಶಿಯಲ್ಲಿ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಸ್ಯಾನ್‌ಹೋಸೆ_ಕನ್ನಡತಿ:
ಇದಕ್ಕೇ ಲೇಬಲ್ಲಿನ ಕೊನೆಯ ಸಾಲನ್ನು ಬಿಡಬೇಡಿ. ಅಮೆರಿಕದ ಬಹಳಷ್ಟು ಮ್ಯೂಸಿಯಂಗಳಲ್ಲಿ ವಸ್ತುವಿನ ಸಂಖ್ಯೆಯ ಮೊದಲ ಭಾಗವೇ ಅದು ಸಂಗ್ರಹಕ್ಕೆ ಸೇರಿದ ವರ್ಷ. ಲ್ಯಾಕ್ಮಾದಲ್ಲಿ "ಎಂ.86.296" ಅಂತ ಶುರುವಾದರೆ 1986ರಲ್ಲಿ ಬಂದ ಪ್ರಾಕ್ಟರ್ ಸ್ಟಾಫರ್ಡ್ ಸಂಗ್ರಹ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ "1979.206" ಅಂದರೆ ರಾಕ್‌ಫೆಲರ್ ಸಂಗ್ರಹ. "ಅಗೆತದಲ್ಲಿ ದೊರೆತದ್ದು" ಅಂತ ಸ್ಥಳದ ಹೆಸರು ಸಮೇತ ಇದೆಯೋ, ಬರೀ "ಕೊಲಿಮಾ" ಅಂತ ಇದೆಯೋ ನೋಡಿ. ಬರೀ ರಾಜ್ಯದ ಹೆಸರಿದ್ದರೆ ಸಾಮಾನ್ಯವಾಗಿ ಅದು ಶೈಲಿ ನೋಡಿ ಹಾಕಿದ ಅಂದಾಜು.

ಹಳೆಯ ಕ್ಯಾಟಲಾಗುಗಳಲ್ಲಿ ಇವೇ ಪ್ರತಿಮೆಗಳಿಗೆ "ತರಾಸ್ಕನ್" ಅಂತ ಇರುತ್ತದೆ. ಪಶ್ಚಿಮ ಮೆಕ್ಸಿಕೋದ ತರಾಸ್ಕನ್ ರಾಜ್ಯ ಬೆಳೆದದ್ದು ಇವುಗಳಿಗಿಂತ ಸಾವಿರ ವರ್ಷ ಈಚೆಗೆ. ಆ ಪದ ಕಂಡರೆ ಹಳೆಯ ಬರಹ ಅಂತ ತಿಳಿಯಿರಿ. ಮೆಕ್ಸಿಕೋದ ಚಿತ್ರಕಾರ ಡಿಯೇಗೊ ರಿವೇರಾ ಇಂಥವನ್ನು ರಾಶಿರಾಶಿ ಕೂಡಿಟ್ಟ ಕಾಲದಲ್ಲಿ ಅದೇ ಹೆಸರು ಚಾಲ್ತಿಯಲ್ಲಿತ್ತು. ಆತನ ಸಂಗ್ರಹ ಮೆಕ್ಸಿಕೋ ನಗರದ ಅನಾವಾಕಾಯಿ ಮ್ಯೂಸಿಯಂನಲ್ಲಿದೆ.

ಮೋಚೆಪ್ರಿಯ:
ಎಲ್ಲರೂ ಮೆಕ್ಸಿಕೋದಲ್ಲೇ ಸುತ್ತುತ್ತಿದ್ದೀರಿ. ಪೆರುವಿಗೆ ಬನ್ನಿ ಸರ್.

ಮೋಚೆ ಹೂಜಿಯಲ್ಲಿ ನೋಡಬೇಕಾದ್ದು ಅಚ್ಚಿನ ಗೆರೆ. ಮೂಲ ಮಾದರಿಯ ಮೇಲೆ ಮಣ್ಣು ಒತ್ತಿ ಎರಡು ಹೋಳಿನ ಅಚ್ಚು ತೆಗೆದು ಸುಡುತ್ತಾರೆ. ಆ ಅಚ್ಚಿನ ಒಳಗೆ ಹಸಿಮಣ್ಣಿನ ತೆಳು ಹಾಳೆ ಒತ್ತಿ, ಸ್ವಲ್ಪ ಬಿಗಿಯಾದ ಮೇಲೆ ಎರಡು ಹೋಳು ಕೂಡಿಸುತ್ತಾರೆ. ಮುಖದ ಹೂಜಿಯಲ್ಲಿ ಕೂಡು ಗೆರೆ ಕಿವಿಯ ಹಿಂದೆ ಇಳಿಯುತ್ತದೆ. ಹೊರಗೆ ಸವರಿ ಮುಚ್ಚಿರುತ್ತಾರೆ, ಒಳಗೆ ಬೆರಳು ಆಡಿದ ಗುರುತು ಹಾಗೇ ಉಳಿದಿರುತ್ತದೆ. ಒಡೆದ ಹೂಜಿ ಪ್ರದರ್ಶನಕ್ಕಿಟ್ಟಿದ್ದರೆ ಅದನ್ನೇ ಮೊದಲು ನೋಡಿ. ಮೇಲಿನ ಕುದುರೆ ರಿಕಾಪಿನಂಥ ಕೊಳವೆಯನ್ನು ಬೇರೆಯಾಗಿ ಸುತ್ತಿ, ಬಾಗಿಸಿ, ಹೊಟ್ಟೆಗೆ ಎರಡು ತೂತು ಕೊರೆದು ನಿಲ್ಲಿಸುತ್ತಾರೆ.

ಒಂದೇ ಅಚ್ಚಿನಿಂದ ಬಂದ ಎರಡು ಮುಖ ಒಂದೇ ತರಹ ಇರಬೇಕಾಗಿಲ್ಲ. ಕೆಂಪು, ಕೆನೆ ಬಣ್ಣದ ತಿಳಿಮಣ್ಣಿನಲ್ಲಿ ಮುಖದ ಚಿತ್ತಾರ, ತಲೆಬಟ್ಟೆಯ ಅಂಚು ಬದಲಾಯಿಸಿ ಬೇರೆ ಮಾಡುತ್ತಾರೆ. ಪುರಾತತ್ವಜ್ಞ ಕ್ರಿಸ್ಟೋಫರ್ ಡೊನ್ನನ್ ಸಾವಿರಾರು ಮೋಚೆ ಪಾತ್ರೆಗಳ ಚಿತ್ರ ಕೂಡಿಸಿ ಹೋಲಿಸಿದಾಗ ಒಬ್ಬನೇ ವ್ಯಕ್ತಿ ಬೇರೆ ಬೇರೆ ವಯಸ್ಸಿನಲ್ಲಿ ಸಿಕ್ಕ. ಮೇಲ್ತುಟಿಯ ಗಾಯದ ಗುರುತಿನಿಂದ ಅವನಿಗೆ "ಸೀಳುತುಟಿ" ಅನ್ನುವ ಅರ್ಥದ ಹೆಸರಿಟ್ಟರು. ಹುಡುಗನಾಗಿದ್ದಾಗಿನಿಂದ ಮೂವತ್ತು ದಾಟುವವರೆಗೆ ಅವನ ಮುಖ ಇದೆ. ಆ ಕಾಲದ ಅಮೆರಿಕದಲ್ಲಿ ಇಷ್ಟು ಖಚಿತವಾದ ಮುಖ ಹೋಲಿಕೆ ಬೇರೆಲ್ಲೂ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಕಾಲ ಗುರುತಿಸಲು ಕೊಳವೆ ನೋಡಿ. ಪೆರುವಿನ ಪುರಾತತ್ವಜ್ಞ ರಫಾಯೆಲ್ ಲಾರ್ಕೊ ಹೊಯ್ಲೆ 1948ರಲ್ಲಿ ಮೋಚೆ ಪಾತ್ರೆಗಳಿಗೆ ಕೊಟ್ಟ ಐದು ಕಾಲಹಂತ ನಿಂತಿರುವುದು ಅದರ ಮೇಲೆ. ಮೊದಲ ಹಂತದಲ್ಲಿ ಕುಳ್ಳಗೆ, ಬಾಯಿಗೆ ದಪ್ಪ ಅಂಚು. ಮೂರರಲ್ಲಿ ಬಾಯಿ ಹೊರಕ್ಕೆ ಅರಳಿದೆ. ನಾಲ್ಕರಲ್ಲಿ ಉದ್ದ, ನೇರ. ಐದರಲ್ಲಿ ಮೇಲಕ್ಕೆ ಹೋದಂತೆ ಕಿರಿದು.

ಆರ್ಕಿಯೋ_ಮಂಜು:
@ಮೋಚೆಪ್ರಿಯ ಆ ಐದು ಹಂತ ಎಲ್ಲ ಕಡೆ ನಡೆಯುವುದಿಲ್ಲ ಅಂತಲೂ ಸೇರಿಸಿ. ಚಿಕಾಮಾ, ಮೋಚೆ ಕಣಿವೆಗಳಿಗೆ ಸರಿ. ಉತ್ತರದ ಹೆಕೆತೆಪೆಕೆ, ಲಂಬಾಯೆಕೆ ಕಡೆ ಬೇರೆಯೇ ಕ್ರಮ. 1990ರ ದಶಕದಿಂದ ಉತ್ತರ ಮೋಚೆ, ದಕ್ಷಿಣ ಮೋಚೆ ಅಂತ ಬೇರೆ ಮಾಡಿ ನೋಡುತ್ತಾರೆ.

ಮೋಚೆಪ್ರಿಯ:
ಒಪ್ಪಿದೆ. ಮುಖದ ಹೂಜಿಗಳು ಹೆಚ್ಚಾಗಿ ದಕ್ಷಿಣದವೇ ಆದ್ದರಿಂದ ನೋಡುಗರಿಗೆ ಕೊಳವೆಯ ಲೆಕ್ಕ ಬಹುಪಾಲು ಕೈಕೊಡುವುದಿಲ್ಲ. ಲಿಮಾದ ಲಾರ್ಕೊ ಮ್ಯೂಸಿಯಂಗೆ ಹೋಗುವವರು ಅದರ ಉಗ್ರಾಣಕ್ಕೂ ಹೋಗಿ. ಅಲ್ಲಿ ಪ್ರವಾಸಿಗರನ್ನು ಒಳಗೆ ಬಿಡುತ್ತಾರೆ, ಹತ್ತಾರು ಸಾವಿರ ಪಾತ್ರೆ ಕಪಾಟುಗಳಲ್ಲಿ ವಿಷಯವಾರು ಜೋಡಿಸಿಟ್ಟಿದ್ದಾರೆ. ಒಂದೇ ಗೂಬೆಯನ್ನು ಇಪ್ಪತ್ತು ಕೈ ಹೇಗೆ ಮಾಡಿವೆ ಅಂತ ಒಟ್ಟಿಗೆ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೊಂಗೆಮರ:
ಇನ್ನು ನಕಲಿ ವಿಷಯ. @ಸಂರಕ್ಷಕ ಇದ್ದೀರಾ?

ಸಂರಕ್ಷಕ:
ಇದ್ದೇನೆ. ಒಂದೇ ಗುರುತು ಸಾಕಾ ಅಂದರೆ ಸಾಲದು.

ಪಶ್ಚಿಮ ಮೆಕ್ಸಿಕೋ ಪ್ರತಿಮೆಗಳ ಮೇಲೆ ಕಪ್ಪು ಚುಕ್ಕೆಗಳು ಕಾಣುತ್ತವಲ್ಲ, ಅದು ತೇವದ ಗೋರಿಯಲ್ಲಿ ಕೂತ ಮ್ಯಾಂಗನೀಸ್ ಆಕ್ಸೈಡ್. ಹತ್ತಿರದಿಂದ ನೋಡಿದರೆ ಗಿಡದ ಕವಲಿನಂತೆ ಹರಡಿ ಮಣ್ಣಿಗೆ ಕಚ್ಚಿಕೊಂಡಿರುತ್ತದೆ. ಮಾರುಕಟ್ಟೆಗೆ ಇದು ಅಸಲಿಯ ಗುರುತು ಅಂತ ಗೊತ್ತಾದ ಮೇಲೆ ನಕಲಿಗಾರರು ಬ್ರಷ್ಷಿನಿಂದ ಸಿಡಿಸಲು ಶುರುಮಾಡಿದರು. ಸಿಡಿಸಿದ ಚುಕ್ಕೆ ದುಂಡಗಿರುತ್ತದೆ, ಒಂದೇ ಪಕ್ಕದಿಂದ ಬಿದ್ದಿರುತ್ತದೆ. ಅಸಿಟೋನ್ ಹಚ್ಚಿದ ಹತ್ತಿಗೆ ಬಣ್ಣ ಬಿಟ್ಟರೆ ಅದು ಬಣ್ಣವೇ. ಬಿಡದಿದ್ದರೆ ಅಸಲಿ ಅಂತ ಮಾತ್ರ ತೀರ್ಮಾನಿಸಬೇಡಿ, ಕರಗದ ಬಣ್ಣಗಳೂ ಇವೆ. ಇದು ಪ್ರಯೋಗಾಲಯದವರ ಕೆಲಸ, ಮನೆಯಲ್ಲಿ ಮಾಡುವುದಲ್ಲ. ಇನ್ನೊಂದು ಗುರುತು, ಗೋರಿಯಲ್ಲಿ ಹೆಣದ ಮೇಲೆ ಬೆಳೆದ ನೊಣ ಮುಂತಾದ ಕೀಟಗಳ ಕೋಶ. ಪ್ರತಿಮೆಯ ಮೇಲೆ ಅವು ಅಂಟಿದ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುವ ವಿಧಾನವನ್ನು ರಾಬರ್ಟ್ ಪಿಕರಿಂಗ್ ಬೆಳೆಸಿದರು. ಮ್ಯಾಂಗನೀಸ್ ಚುಕ್ಕೆ ಸಿಡಿಸುವಷ್ಟು ಸುಲಭವಾಗಿ ಇದನ್ನು ನಕಲು ಮಾಡಲಾಗದು.

ಅಚ್ಚಿನ ಪ್ರತಿಮೆಯಾದರೆ ಅಳತೆ ನೋಡಿ. ಮಣ್ಣು ಒಣಗಿ ಸುಡುವಾಗ ಹತ್ತಕ್ಕೆ ಒಂದು ಪಾಲಿನಷ್ಟು ಕುಗ್ಗುವುದುಂಟು. ಅಸಲಿ ಪ್ರತಿಮೆಯಿಂದ ಅಚ್ಚು ತೆಗೆದು ಮಾಡಿದ ನಕಲು ಅಷ್ಟು ಚಿಕ್ಕದಾಗಿರುತ್ತದೆ, ಕಣ್ಣಿನ ರೆಪ್ಪೆ, ಓಲೆಯ ಅಂಚು ಮೊಂಡಾಗಿರುತ್ತವೆ. ಪ್ರಕಟವಾದ ಅಳತೆಯ ಜತೆ ಹೋಲಿಸಿದರೆ ತಿಳಿಯುತ್ತದೆ.

ಕರಾವಳಿ_ಕಲ್ಲು:
ಇಷ್ಟೆಲ್ಲ ಯಾಕೆ? ಥರ್ಮೋಲುಮಿನಿಸೆನ್ಸ್ ಪರೀಕ್ಷೆ ಇದೆಯಲ್ಲ. ಸರ್ಟಿಫಿಕೇಟ್ ಇದ್ದರೆ ಮುಗಿಯಿತು.

ಸಂರಕ್ಷಕ:
ಮುಗಿಯುವುದಿಲ್ಲ. ಆ ಪರೀಕ್ಷೆ ಹೇಳುವುದು ಒಂದೇ: ಮಣ್ಣು ಕೊನೆಯ ಬಾರಿ ಜೋರಾಗಿ ಕಾದದ್ದು ಯಾವಾಗ. ಕಾಣದ ಜಾಗದಲ್ಲಿ ಒಂದೆರಡು ಕಡೆ ಸಣ್ಣಗೆ ಕೊರೆದು ಪುಡಿ ತೆಗೆಯುತ್ತಾರೆ. ಉತ್ತರದಲ್ಲಿ ನೂರಕ್ಕೆ ಇಪ್ಪತ್ತರ ಆಸುಪಾಸು ಹೆಚ್ಚುಕಡಿಮೆ ಇರುತ್ತದೆ. ಹಳೆಯ ಕಾಲು, ಹಳೆಯ ಮುಂಡ, ಹೊಸ ತಲೆ ಕೂಡಿಸಿದ ಪ್ರತಿಮೆಯ ಕಾಲಿನಿಂದ ಪುಡಿ ತೆಗೆದರೆ ಪ್ರತಿಮೆ ಪೂರ್ತಿ ಹಳೆಯದು ಅಂತ ಬರುತ್ತದೆ. ಆದ್ದರಿಂದ ಜತೆಗೆ ಎಕ್ಸ್-ರೇಯೂ ಬೇಕು. ಒಡಕು, ಅಂಟು, ಒಳಗೆ ತುಂಬಿದ ಪ್ಲಾಸ್ಟರ್ ಅದರಲ್ಲಿ ಬೇರೆ ಬೇರೆ ಛಾಯೆಯಲ್ಲಿ ಕಾಣುತ್ತದೆ. ಆದರೆ ಎಕ್ಸ್-ರೇ ಕಿರಣವೇ ಮಣ್ಣಿಗೆ ವಿಕಿರಣ ಸೇರಿಸುತ್ತದೆ, ಹಾಗಾಗಿ ಪುಡಿಯ ಮಾದರಿಯನ್ನು ಎಕ್ಸ್-ರೇಗೆ ಮುಂಚೆ ತೆಗೆದಿಟ್ಟುಕೊಳ್ಳಬೇಕು. ಈ ಕ್ರಮ ತಪ್ಪಿದರೆ ಥರ್ಮೋಲುಮಿನಿಸೆನ್ಸ್ ಪರೀಕ್ಷೆ ಕೆಡುತ್ತದೆ. ಇನ್ನು ಅಸಲಿ ಪ್ರತಿಮೆ ಮನೆ ಬೆಂಕಿಗೆ ಸಿಕ್ಕಿ ಮತ್ತೆ ಕಾದಿದ್ದರೆ "ಹೊಸದು" ಅಂತ ಬರುತ್ತದೆ.

ವೆರಾಕ್ರೂಸ್‌ನ ಬ್ರಿಹಿದೊ ಲಾರಾ ಪ್ರಕರಣ ಎಲ್ಲರಿಗೂ ಗೊತ್ತಿರಬೇಕು. 1974ರಲ್ಲಿ ಪೊಲೀಸರು ಅವನನ್ನು ಪ್ರಾಚೀನ ವಸ್ತು ಕದ್ದ ಆರೋಪದ ಮೇಲೆ ಹಿಡಿದರು. ತಜ್ಞರು ವಸ್ತುಗಳನ್ನು ಅಸಲಿ ಅಂದರು. ಅವನು ಜೈಲಿಗೇ ಮಣ್ಣು ತರಿಸಿಕೊಂಡು ಅಂಥದೇ ಪ್ರತಿಮೆ ಮಾಡಿ ತೋರಿಸಿ ಬಿಡುಗಡೆಯಾದ. ಆಮೇಲೆ ಹಲಾಪಾದ ಮಾನವಶಾಸ್ತ್ರ ಮ್ಯೂಸಿಯಂನಲ್ಲಿ ದುರಸ್ತಿಯ ಕೆಲಸ ಮಾಡಿದ. ಅಮೆರಿಕದ ಹೆಸರಾಂತ ಮ್ಯೂಸಿಯಂಗಳಲ್ಲಿದ್ದ ಕೆಲವು ದೊಡ್ಡ ಪ್ರತಿಮೆಗಳನ್ನು ತಾನೇ ಮಾಡಿದ್ದು ಅಂದ.

ಪ್ರಶ್ನಾರ್ಥಕ:
ಹಾಗಾದರೆ ಲಾರಾ ಮಾಡಿದ್ದು ಅಷ್ಟು ಚೆಂದ ಇತ್ತಲ್ಲ. ಚೆಂದ ಇದ್ದರೆ ಸಾಲದೇ? ನೋಡುವವರಿಗೆ ಏನು ನಷ್ಟ?

ಆರ್ಕಿಯೋ_ಮಂಜು:
ನಷ್ಟ ನೋಡುವವರಿಗೇ. ಲಾರಾ ಬರೀ ನಕಲು ಮಾಡಲಿಲ್ಲ, ಹೊಸ ಭಂಗಿ, ಹೊಸ ಆಭರಣ, ಹೊಸ ಅಳತೆ ಸೇರಿಸಿದ. ಅವು ಅಸಲಿ ಅಂತ ಪುಸ್ತಕಗಳಿಗೆ ಹೋದ ಮೇಲೆ "ವೆರಾಕ್ರೂಸ್ ಶೈಲಿ ಅಂದರೆ ಹೀಗೆ" ಅಂತ ಜನ ಅವನ್ನೇ ನೋಡಿ ಕಲಿತರು. ಆಮೇಲೆ ಅಸಲಿ ಪ್ರತಿಮೆ ಎದುರಿಗೆ ಬಂದಾಗ ಅದೇ ತಪ್ಪು ಅಂತ ಕಾಣುತ್ತದೆ. ಕಣ್ಣು ಕೆಟ್ಟರೆ ಸರಿಮಾಡುವುದು ಕಷ್ಟ. ದಕ್ಷಿಣ ಮೆಕ್ಸಿಕೋದ ಸಪೊತೆಕ್ ಜನರ ಬೂದು ಮಣ್ಣಿನ ಕುಳಿತ ದೇವತೆಗಳ ಪಾತ್ರೆಗಳಲ್ಲೂ ಇದೇ ಆಯಿತು. 20ನೇ ಶತಮಾನದ ಆರಂಭದಲ್ಲೇ ಒವಾಹಾಕಾದಲ್ಲಿ ನಕಲಿ ತಯಾರಾಗಿ ಯುರೋಪ್, ಅಮೆರಿಕದ ಮ್ಯೂಸಿಯಂ ಸೇರಿದವು, ಅವುಗಳ ಮೇಲೆ ವಿದ್ವತ್ ಲೇಖನಗಳೂ ಬಂದವು.

ಹೋಲಿಸಿ ಕಲಿಯಬೇಕಾದರೆ ಅಗೆತದ ದಾಖಲೆ ಇರುವ ಪ್ರತಿಮೆಗಳಿಂದಲೇ ಶುರುಮಾಡಿ. ವೆರಾಕ್ರೂಸ್‌ಗೆ ಎಲ್ ಸಪೊತಾಲ್. ಅಲ್ಲಿ 1970ರ ದಶಕದ ಆರಂಭದಲ್ಲಿ ಹೆರಿಗೆಯಲ್ಲಿ ಸತ್ತು ದೈವವಾದ ಹೆಂಗಸರ ಆಳೆತ್ತರದ ಸುಟ್ಟ ಮಣ್ಣಿನ ಪ್ರತಿಮೆಗಳು ಸಿಕ್ಕವು. ಕಣ್ಣು ಮುಚ್ಚಿ, ಬಾಯಿ ತೆರೆದು ನಿಂತಿದ್ದಾರೆ, ನಡುವಿಗೆ ಹಾವಿನ ಪಟ್ಟಿ. ಜತೆಗೇ ಸುಡದ ಹಸಿಮಣ್ಣಿನಲ್ಲಿ ಮಾಡಿದ ಮೃತ್ಯುದೇವತೆಯ ಪ್ರತಿಮೆ. ಅದನ್ನು ಅಲುಗಿಸಿದರೆ ಉಳಿಯುವುದಿಲ್ಲ, ಅದಕ್ಕೇ ಸಿಕ್ಕ ಜಾಗದಲ್ಲೇ ಕಟ್ಟಡ ಕಟ್ಟಿ ಉಳಿಸಿದ್ದಾರೆ.

ಕರಾವಳಿ_ಕಲ್ಲು:
ಆನ್‌ಲೈನಿನಲ್ಲಿ "ಕೊಲಿಮಾ ನಾಯಿ, ಹಳೆಯ ಖಾಸಗಿ ಸಂಗ್ರಹ, ಸರ್ಟಿಫಿಕೇಟ್ ಸಮೇತ" ಅಂತ ಮಾರಾಟಕ್ಕಿರುತ್ತದಲ್ಲ, ತೆಗೆದುಕೊಳ್ಳಬಹುದಾ?

ಸಂರಕ್ಷಕ:
ಬೇಡ. ನಕಲಿಯಾದರೆ ದುಡ್ಡು ಹೋಯಿತು. ಅಸಲಿಯಾದರೆ ಇನ್ನೂ ಕಷ್ಟ. ಮೆಕ್ಸಿಕೋದ 1972ರ ಕಾನೂನಿನ ಪ್ರಕಾರ ಇಂಥ ವಸ್ತು ದೇಶದ ಆಸ್ತಿ, ಮಾರುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ. "ಹಳೆಯ ಖಾಸಗಿ ಸಂಗ್ರಹ" ಅನ್ನುವುದು ದಾಖಲೆ ಅಲ್ಲ. ಯಾವ ವರ್ಷ ಯಾವ ದೇಶದಲ್ಲಿತ್ತು ಅನ್ನುವ ರಸೀದಿ, ಹಳೆಯ ಫೋಟೋ, ಪ್ರದರ್ಶನದ ಕ್ಯಾಟಲಾಗ್ ಬೇಕು. ಪ್ಯಾರಿಸ್ಸಿನಲ್ಲಿ ನಡೆಯುವ ಹರಾಜುಗಳಿಗೆ ಮೆಕ್ಸಿಕೋ ಸರ್ಕಾರ 2019ರಲ್ಲೂ 2021ರಲ್ಲೂ ಬಹಿರಂಗವಾಗಿ ಆಕ್ಷೇಪ ಎತ್ತಿದೆ. ಮನೆಯಲ್ಲಿ ಇಡಬೇಕು ಅನ್ನಿಸಿದರೆ ಕೊಲಿಮಾದ ಈಗಿನ ಕುಶಲಕರ್ಮಿಗಳು ತಮ್ಮ ಕೆಲಸ ಅಂತಲೇ ಹೇಳಿ ಮಾರುವ ನಾಯಿ ಕೊಳ್ಳಿ.

ಡ್ರಾಯಿಂಗ್_ಮೇಷ್ಟ್ರು:
ಕೊಳ್ಳುವುದಕ್ಕಿಂತ ಮಕ್ಕಳ ಕೈಯಲ್ಲಿ ಮಾಡಿಸುವುದು ಮೇಲು ಅನ್ನಿಸುತ್ತದೆ. @ತಿಗರಿ ಅಣ್ಣಾ, ಹೈಸ್ಕೂಲ್ ಮಕ್ಕಳಿಗೆ ಆಗುವ ಹಾಗೆ ಕ್ರಮ ಹೇಳ್ತೀರಾ?

ತಿಗರಿ:
ಹೇಳ್ತೀನಿ ಮೇಷ್ಟ್ರೇ. ಗೇಣುದ್ದದ ನಾಯಿ ಸಾಕು.

ಜೇಡಿಮಣ್ಣಿಗೆ ಐದರಲ್ಲಿ ಒಂದು ಪಾಲು ಸಣ್ಣ ಮರಳು ಅಥವಾ ಹೆಂಚಿನ ಪುಡಿ ಸೇರಿಸಿ. ಇದು ಕುಗ್ಗುವುದನ್ನು ಕಡಿಮೆ ಮಾಡುತ್ತದೆ, ಆವಿಗೆ ದಾರಿ ಕೊಡುತ್ತದೆ. ಎರಡು ಬಟ್ಟಲು ಹಿಸುಕಿ ಮಾಡಿ, ಗೋಡೆ ಆರೇಳು ಮಿಲಿಮೀಟರ್. ಬಾಯಿಗೆ ಬಾಯಿ ಕೂಡಿಸಿದರೆ ಹೊಟ್ಟೆ ಆಯಿತು. ಅಂಚನ್ನು ಮೊಳೆಯಿಂದ ಗೀರಿ, ಮಣ್ಣಿನ ಗಂಜಿ ಹಚ್ಚಿ ಒತ್ತಬೇಕು. ಬರೀ ನೀರು ಹಚ್ಚಿದರೆ ಒಣಗುವಾಗ ಬಿಡುತ್ತದೆ. ಕಾಲುಗಳನ್ನು ಪೆನ್ಸಿಲ್ಲಿಗೆ ಮಣ್ಣು ಸುತ್ತಿ ಟೊಳ್ಳು ಮಾಡಿ, ಹೊಟ್ಟೆಗೆ ತೂತು ಕೊರೆದು ಕಾಲಿನ ಟೊಳ್ಳು ಒಳಗೆ ಸೇರುವಂತೆ ಕೂಡಿಸಿ. ಈ ತೂತು ಮರೆತರೆ ಆವಿಗೆ ದಾರಿ ಇಲ್ಲದೆ ಸುಡುವಾಗ ಕಾಲೇ ಹಾರಬಹುದು. ಬಾಲದ ಜಾಗದಲ್ಲಿ ಕೊಳವೆ ಇಟ್ಟರೆ ಅದೇ ಮುಖ್ಯ ದಾರಿ.

ಕಾಲು ತೆಳು, ಬೇಗ ಒಣಗುತ್ತದೆ. ಹೊಟ್ಟೆ ನಿಧಾನ. ಅದಕ್ಕೇ ಕೂಡು ಜಾಗದಲ್ಲಿ ಬಿರುಕು ಬರುತ್ತದೆ. ಕಾಲಿಗೆ ಒದ್ದೆ ಬಟ್ಟೆ ಸುತ್ತಿ, ಹೊಟ್ಟೆಯ ಅಡಿ ಕಾಗದದ ಉಂಡೆ ಕೊಟ್ಟು ನೆರಳಲ್ಲಿಡಿ.

ಮೈ ಅರೆ ಒಣಗಿದಾಗ ಕೆಮ್ಮಣ್ಣಿನ ತಿಳಿ ಎರಡು ಮೂರು ಸಲ ಬಳಿಯಿರಿ. ಕೆಮ್ಮಣ್ಣನ್ನು ನೀರಲ್ಲಿ ಕಲಕಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನದನ್ನು ಬಸಿದು ತೆಗೆದದ್ದು ಆಗಬೇಕು. ಮೈ ಪೂರ್ತಿ ಒಣಗಿದ ಮೇಲೆ ಬಳಿದರೆ ಲೇಪ ಮಾತ್ರ ಕುಗ್ಗಿ ಸಿಪ್ಪೆ ಏಳುತ್ತದೆ. ಲೇಪದ ಹಸಿ ಹೊಳಪು ಅಳಿದ ಮೇಲೆ, ಅಂದರೆ ಬೆರಳಿಗೆ ಅಂಟದ ಹದದಲ್ಲಿ, ನುಣುಪು ಕಲ್ಲಿನಿಂದಲೋ ಸ್ಟೀಲ್ ಚಮಚದ ಬೆನ್ನಿನಿಂದಲೋ ಉಜ್ಜಿ. ಹಸಿ ಇದ್ದಾಗ ಉಜ್ಜಿದರೆ ಕಿತ್ತು ಬರುತ್ತದೆ, ತೀರಾ ಒಣಗಿದರೆ ಗೀರು ಬೀಳುತ್ತದೆ.

ಎರಡು ವಾರ ಒಣಗಿಸಿ ಸುಡಿ. ಮೊದಲ ಮೂರು ನಾಲ್ಕು ಗಂಟೆ 100 ಡಿಗ್ರಿ ದಾಟಿಸಬೇಡಿ. 573 ಡಿಗ್ರಿ ಹತ್ತಿರ ಮರಳಿನ ಕ್ವಾರ್ಟ್ಜ್ ಒಮ್ಮೆಲೇ ಹಿಗ್ಗುತ್ತದೆ, ಅಲ್ಲಿ ಏರುವಾಗಲೂ ಇಳಿಯುವಾಗಲೂ ನಿಧಾನ. ಒಟ್ಟು 800, 850ಕ್ಕೆ ನಿಲ್ಲಿಸಿ. 950 ದಾಟಿದರೆ ಉಜ್ಜಿದ ಹೊಳಪು ಮಂಕಾಗುತ್ತದೆ.

ಜೋಳದರೊಟ್ಟಿ:
ಹೊಟ್ಟಿ ಮ್ಯಾಲ ಕರಿ ಕಲೆ ಬಿದ್ರ?

ತಿಗರಿ:
ಬಯಲು ಬೆಂಕಿಯಲ್ಲಿ ಬೀಳುತ್ತದೆ ರೀ. ಕಟ್ಟಿಗೆ, ಬೂದಿ ತಾಗಿ ಗಾಳಿಯಾಡದ ಜಾಗ ಅದು. ಹಳೆಯ ಪ್ರತಿಮೆಗಳಲ್ಲೂ ಇದೆ. ಅಂಚು ಮಸುಕಾಗಿ ಕರಗಿದಂತಿರುತ್ತದೆ, ಮ್ಯಾಂಗನೀಸ್ ಚುಕ್ಕೆಯ ಜತೆ ಕಲಸಬೇಡಿ.

ಸ್ಯಾನ್‌ಹೋಸೆ_ಕನ್ನಡತಿ:
ಹೈನಾ ಬಗ್ಗೆ ಯಾರೂ ಬರೆಯಲಿಲ್ಲ. ಕಂಪೆಚೆ ತೀರದ ಆ ದ್ವೀಪದ ಸಮಾಧಿಗಳಲ್ಲಿ ಸಿಕ್ಕ ಮಾಯಾ ಪ್ರತಿಮೆಗಳು, ಕ್ರಿ.ಶ. 600ರಿಂದ 900ರ ಸುಮಾರು. ನೀಲಿ ಬಣ್ಣ ಉಳಿದಿದ್ದರೆ ಗಮನಿಸಿ. ನೀಲಿಗಿಡದ ಬಣ್ಣವನ್ನು ಪಾಲಿಗೋರ್ಸ್ಕೈಟ್ ಅನ್ನುವ ಜೇಡಿಯ ಜತೆ ಕಾಯಿಸಿ ಮಾಡಿದ ಮಾಯಾ ನೀಲಿ ಅದು. ಬಣ್ಣವೇನೋ ಗಟ್ಟಿ, ಆದರೆ ಪ್ರತಿಮೆ ಸುಟ್ಟ ಮೇಲೆ ಹಚ್ಚಿದ್ದರಿಂದ ಮೈಗೆ ಅದರ ಹಿಡಿತ ಕಡಿಮೆ. ಹಿಂದಿನವರು ನೀರಲ್ಲಿ ತೊಳೆದು ಬಹಳ ಹಾಳು ಮಾಡಿದ್ದಾರೆ. ವೆರಾಕ್ರೂಸ್‌ನ ನಗುವ ಮುಖದ ಪ್ರತಿಮೆಗಳ ಮೇಲಿನ ಕರಿ ಡಾಂಬರನ್ನೂ ಸುಟ್ಟ ಮೇಲೆಯೇ ಹಚ್ಚಿದ್ದು.

ಡ್ರಾಯಿಂಗ್_ಮೇಷ್ಟ್ರು:
ಹೈನಾ ಪ್ರತಿಮೆಗಳಲ್ಲಿ ಕೆಲವು ಸೀಟಿ ಅಂತ ಓದಿದ್ದೆ. ಮುಂದಿನಿಂದ ನೋಡಿದರೆ ಊದುವ ಜಾಗವೇ ಕಾಣುವುದಿಲ್ಲವಲ್ಲ?

ತಿಗರಿ:
ಬೆನ್ನ ಹಿಂದೆ ಇರುತ್ತದೆ ಮೇಷ್ಟ್ರೇ. ಊದುವ ಕೊಳವೆಯೇ ಎಷ್ಟೋ ಸಲ ಮೂರನೆಯ ಕಾಲಾಗಿ ಪ್ರತಿಮೆಯನ್ನು ನಿಲ್ಲಿಸುತ್ತದೆ. ಗಾಳಿ ಚಪ್ಪಟೆ ಸಂದಿಯಿಂದ ಹಾದು ಕಿಟಕಿಯಂಥ ತೂತಿನ ಚೂಪು ಅಂಚಿಗೆ ಬಡಿದರೆ ಹೊಟ್ಟೆಯ ಟೊಳ್ಳು ಸ್ವರ ಕೊಡುತ್ತದೆ. ಮಕ್ಕಳು ಮಾಡುವಾಗ ಸ್ವರ ಬರದಿದ್ದರೆ ಎರಡೇ ಕಾರಣ: ಅಂಚು ಮೊಂಡಾಗಿದೆ, ಇಲ್ಲವೇ ಸಂದಿ ಅಂಚಿಗೆ ನೇರವಾಗಿಲ್ಲ. ಐಸ್‌ಕ್ರೀಮ್ ಕಡ್ಡಿಯನ್ನು ಸಂದಿಯಲ್ಲಿ ತೂರಿಸಿ ಅದರ ತುದಿ ಅಂಚಿಗೆ ಸರಿಯಾಗಿ ತಾಗುವ ಹಾಗೆ ತಿದ್ದಿ, ಮಣ್ಣು ಹಸಿ ಇರುವಾಗಲೇ ಊದಿ ನೋಡಿ. ಒಣಗಿದ ಮೇಲೆ ತಿದ್ದಲು ಬರುವುದಿಲ್ಲ.